ಕೋರಂ ತುಂಬಿಸಿದವರು

1

ಎಂಬತ್ತರ ದಶಕದಲ್ಲಿ ಒಂದು ವಿಶ್ವವಿದ್ಯಾಲಯದ ಸೆನೆಟ್ಟಿಗೆ ನಾಮಕರಣಗೊಂಡಿದ್ದ ಹಿರಿಯ ಮೇಷ್ಟ್ರೊಬ್ಬರು ನಮ್ಮ ಸೀಮೆಯಲ್ಲಿದ್ದಾರೆ. ದಲಿತ ಸಂಘರ್ಷ ಸಮಿತಿಯ ಮೊದಲ ದಿನಗಳಲ್ಲಿ ಸೈಕಲ್ ಮೇಲೆ ಊರೂರು ಸುತ್ತಿದವರು. ಅವರ ಮನೆಯ ಜಗಲಿಯಲ್ಲಿ ಕೂತು ಹಳೆಯ ಕರಪತ್ರಗಳನ್ನು ಜೋಡಿಸುತ್ತಿದ್ದಾಗ ಸೆನೆಟ್ಟಿನ ಕಾಲದ ಒಂದು ಕಟ್ಟು ಸಿಕ್ಕಿತು. ಸಭೆಯ ನೋಟೀಸುಗಳು, ಬಸ್ ಟಿಕೆಟ್ ಅಂಟಿಸಿದ ಭತ್ಯೆಯ ಬಿಲ್ಲಿನ ನಕಲುಗಳು, ಅಚ್ಚಾದ ನಡವಳಿಗಳು. 'ಸಾರ್, ಆ ಸಭೇಲಿ ನೀವೇನು ಮಾತಾಡ್ತಿದ್ರಿ?' ಅಂತ ಕೇಳಿದೆ. ಮೇಷ್ಟ್ರು ನಕ್ಕರು. 'ನಾನು ಹೋಗ್ದಿದ್ರೆ ಅವ್ರ ಕೋರಂ ತುಂಬ್ತಿರ್ಲಿಲ್ಲ ಕಣಪ್ಪಾ. ಹೋದ್ರೆ ನನ್ ಮಾತು ನಡೀತಿರ್ಲಿಲ್ಲ' ಅಂದರು.

ಈ ಎರಡು ಮಾತು ನನ್ನನ್ನು ಬಿಡಲಿಲ್ಲ. ಅವುಗಳ ಹಿಂದಿರುವ ಚರಿತ್ರೆಯನ್ನು ಹುಡುಕಿಕೊಳ್ಳುವ ಪ್ರಯತ್ನ ಈ ಲೇಖನ. ದಲಿತ ವಿಮರ್ಶೆ ಇಷ್ಟು ಕಾಲ ಕಾವ್ಯವನ್ನು ಓದಿದೆ, ಕಥೆ ಆತ್ಮಕಥನಗಳನ್ನು ಓದಿದೆ, ಪುರಾಣಗಳನ್ನು ಮುರಿದು ಕಟ್ಟಿದೆ. ಆದರೆ ಯಾವ ಕಾವ್ಯ ಪಠ್ಯವಾಗಬೇಕು, ಅದನ್ನು ಯಾರು ಪಾಠ ಮಾಡಬೇಕು, ಯಾವ ವಿದ್ಯಾರ್ಥಿ ಹಾಸ್ಟೆಲ್ಲಿನಲ್ಲಿರಬೇಕು, ಯಾರು ಹೊರಗೆ ಹೋಗಬೇಕು ಎಂದು ತೀರ್ಮಾನಿಸುವ ಸಭೆಗಳಿವೆಯಲ್ಲ, ಅವುಗಳ ನಿಯಮಾವಳಿಯನ್ನು ನಾವು ಒಂದು ಪಠ್ಯವೆಂದು ಓದಿದ್ದು ಬಹಳ ಕಡಿಮೆ. ಅದೆಲ್ಲ ಗುಮಾಸ್ತರ ಕೆಲಸ ಅಂತ ಬಿಟ್ಟುಬಿಟ್ಟಿದ್ದೇವೆ. ಮನುಸ್ಮೃತಿಯೂ ಒಂದು ನಿಯಮಾವಳಿಯೇ ಆಗಿತ್ತು ಎಂಬುದನ್ನು ಬಲ್ಲ ನಾವು ಹೀಗೆ ಬಿಡಬಾರದಿತ್ತು.

ಸಭೆ ಎಂಬುದು ನಮಗೆ ಹೊಸದೇನಲ್ಲ. ಊರಿನ ನ್ಯಾಯ ಸೇರುವಾಗ ತಮಟೆ ಬಾರಿಸಿಕೊಂಡು ಬೀದಿಬೀದಿ ಸಾರಿ ಬರುತ್ತಿದ್ದವರು ಯಾರು? ನಮ್ಮ ಕೇರಿಯವರು. ಕಟ್ಟೆಯ ಮೇಲೆ ಕೂರುತ್ತಿದ್ದವರು ಯಾರು? ಊರಿನವರು. ಸಭೆಯ ನೋಟೀಸು ನಮ್ಮ ತಮಟೆಯಲ್ಲೇ ಇತ್ತು, ಸಭೆ ಮಾತ್ರ ನಮ್ಮದಾಗಿರಲಿಲ್ಲ. ಆದರೂ ನಾವು ಬರದಿದ್ದರೆ ನಡೆಯುತ್ತಿರಲಿಲ್ಲ. ಕಟ್ಟೆಯ ಕೆಳಗೆ, ದೂರದಲ್ಲಿ, ಕೈಕಟ್ಟಿ ನಿಂತಿರಬೇಕಿತ್ತು. ಅಂದರೆ ಹಾಜರಿ ಕಡ್ಡಾಯ, ಮಾತು ನಿಷಿದ್ಧ. ಆಧುನಿಕ ವಿಶ್ವವಿದ್ಯಾಲಯದ ಸಭಾಂಗಣದಲ್ಲಿ ಕಟ್ಟೆ ಇಲ್ಲ, ಎಲ್ಲರಿಗೂ ಒಂದೇ ಎತ್ತರದ ಕುರ್ಚಿ. ಹಾಗಿದ್ದ ಮೇಲೂ ಮೇಷ್ಟ್ರ ಅನುಭವ ಕಟ್ಟೆಯ ಅನುಭವದಂತೆಯೇ ಏಕೆ ಕೇಳಿಸುತ್ತದೆ?

2

ಈ ಕಥೆ ಶುರುವಾಗುವುದು ಸೆನೆಟ್ಟಿನಲ್ಲಿ ಅಲ್ಲ, ಧಾರವಾಡದ ಒಂದು ಶಾಲೆಯ ಬಾಗಿಲಲ್ಲಿ. 1856ರ ಜೂನ್ ತಿಂಗಳಲ್ಲಿ ಒಬ್ಬ ಮಹಾರ್ ಹುಡುಗ ಧಾರವಾಡದ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಎಂದು ಅರ್ಜಿ ಹಾಕಿದ. ಶಾಲೆ ನಿರಾಕರಿಸಿತು. ಅರ್ಜಿ ಮುಂಬಯಿ ಸರ್ಕಾರದವರೆಗೂ ಹೋಯಿತು. ಸರ್ಕಾರ ಕೊಟ್ಟ ಉತ್ತರದ ಸಾರಾಂಶ ಇಷ್ಟು: ನ್ಯಾಯವೇನೋ ಹುಡುಗನ ಕಡೆಗೇ ಇದೆ, ಆದರೆ ಅವನೊಬ್ಬನನ್ನು ಸೇರಿಸಿಕೊಂಡರೆ ಉಳಿದ ದೊಡ್ಡ ಜನಸಮುದಾಯ ಶಾಲೆಯನ್ನೇ ಬಿಟ್ಟುಹೋಗುತ್ತದೆ. ಒಬ್ಬನಿಗಾಗಿ ಬಹುಜನಕ್ಕೆ ಉಪಯೋಗವಿಲ್ಲದಂತೆ ಮಾಡಲಾಗದು. ಇದೇ ಹುಡುಗ ಬಂಗಾಳದಲ್ಲಿದ್ದಿದ್ದರೆ ಅಲ್ಲಿನ ಯಾವ ಸರ್ಕಾರಿ ಶಾಲೆಯೂ ಅವನನ್ನು ನಿರಾಕರಿಸುತ್ತಿರಲಿಲ್ಲ ಎಂದು ಕಲ್ಕತ್ತದ ಸರ್ಕಾರ ಪತ್ರ ಬರೆಯಿತು. ಆದರೆ ಹುಡುಗ ಇದ್ದದ್ದು ಧಾರವಾಡದಲ್ಲಿ.

ಈ ಪ್ರಸಂಗವನ್ನು ಅಂಬೇಡ್ಕರ್ ಮುಂದೆ ತಮ್ಮ ಬರಹದಲ್ಲಿ ಎತ್ತಿಕೊಂಡಿದ್ದಾರೆ. ನಾವೂ ಇದನ್ನು ಅಸ್ಪೃಶ್ಯತೆಯ ಒಂದು ಉದಾಹರಣೆಯೆಂದು ಓದುತ್ತ ಬಂದಿದ್ದೇವೆ. ಇದನ್ನು ಇನ್ನೊಂದು ಬಗೆಯಲ್ಲೂ ಓದಬಹುದು. ಇಲ್ಲಿ ನಡೆದದ್ದು ಒಂದು ಮತ ಎಣಿಕೆ. ಒಂದು ಕಡೆ ಒಬ್ಬ, ಇನ್ನೊಂದು ಕಡೆ ಬಹುಮತ. ಹುಡುಗನ ಹಾಜರಿಯನ್ನೇ ಮತಕ್ಕೆ ಹಾಕಲಾಯಿತು, ಹುಡುಗನ ಗೈರುಹಾಜರಿಯಲ್ಲಿ. ನ್ಯಾಯ ಅವನ ಕಡೆ ಇದೆ ಎಂದು ಒಪ್ಪಿಕೊಂಡೇ ಅವನು ಸೋತನೆಂದು ಬರೆಯಲಾಯಿತು.

ಮರುವರ್ಷವೇ, 1857ರಲ್ಲಿ, ಕಲ್ಕತ್ತ, ಮುಂಬಯಿ, ಮದ್ರಾಸುಗಳಲ್ಲಿ ವಿಶ್ವವಿದ್ಯಾಲಯಗಳ ಸ್ಥಾಪನೆಯ ಕಾಯ್ದೆಗಳು ಬಂದವು. ಧಾರವಾಡ, ಬೆಳಗಾವಿ, ಬಿಜಾಪುರದ ಕಾಲೇಜು ಓದು ಮುಂದೆ 1949-50ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಆಗುವವರೆಗೂ ಇದೇ ಮುಂಬಯಿ ವಿಶ್ವವಿದ್ಯಾಲಯದ ಸೆನೆಟ್ಟಿನ ಅಧೀನದಲ್ಲಿತ್ತು. ಆದ್ದರಿಂದ ಈ ಸೆನೆಟ್ಟಿನ ನಿಯಮಗಳು ನಮಗೆ ಪರಊರಿನ ಸುದ್ದಿಯಲ್ಲ.

ಈ ಮೂರೂ ಕಾಯ್ದೆಗಳು ಹೆಚ್ಚುಕಡಿಮೆ ಒಂದೇ ಅಚ್ಚಿನವು. ಕುಲಾಧಿಪತಿ, ಕುಲಪತಿ ಮತ್ತು ಫೆಲೋಗಳು ಸೇರಿ ಸೆನೆಟ್. ಫೆಲೋಗಳನ್ನು ನೇಮಿಸುವವರು ಸರ್ಕಾರದವರು. ನೇಮಕವಾದರೆ ಆಜೀವ ಪರ್ಯಂತ. ತೀರ್ಮಾನಗಳು ಹಾಜರಿದ್ದವರ ಬಹುಮತದಿಂದ ಆಗಬೇಕು. ಅಧ್ಯಕ್ಷರಿಗೆ ಒಂದು ಮತ, ಸಮಬಲವಾದರೆ ಇನ್ನೊಂದು ನಿರ್ಣಾಯಕ ಮತ. ಕಲ್ಕತ್ತದ ಕಾಯ್ದೆಯಲ್ಲಿ ಕೋರಂ ಎಷ್ಟು ಗೊತ್ತೆ? ಅಧ್ಯಕ್ಷರೂ ಸೇರಿ ಆರು ಜನ. ಅಷ್ಟೆ.

ಇದನ್ನು ಲೆಕ್ಕ ಹಾಕಿ ನೋಡೋಣ. ಆರು ಜನ ಬಂದಿದ್ದಾರೆ. ಮೂವರು ಹೌದು ಅಂದರು, ಮೂವರು ಬೇಡ ಅಂದರು. ಅಧ್ಯಕ್ಷರು ಹೌದು ಅನ್ನುವವರ ಕಡೆಗಿದ್ದರೆ ಅವರ ನಿರ್ಣಾಯಕ ಮತವೂ ಸೇರಿ ನಾಲ್ಕಾಯಿತು. ಒಂದು ಇಡೀ ಪ್ರಾಂತದ ಉನ್ನತ ಶಿಕ್ಷಣದ ಪ್ರಶ್ನೆಯನ್ನು ಮೂರು ಜನ ತೀರ್ಮಾನಿಸಬಹುದಿತ್ತು. ಧಾರವಾಡದ ಹುಡುಗನಿಗೆ ಹೇಳಿದ್ದು ಬಹುಜನದ ನ್ಯಾಯ. ಸೆನೆಟ್ಟಿಗೆ ಬರೆದುಕೊಂಡದ್ದು ಬಂದವರ ನ್ಯಾಯ. ಬಾಗಿಲಲ್ಲಿ ನಿಂತವನ ಎದುರು ಬಹುಸಂಖ್ಯೆಯ ಲೆಕ್ಕ, ಒಳಗೆ ಕೂತವರಿಗೆ ಅಲ್ಪಸಂಖ್ಯೆಯ ಲೆಕ್ಕ. ಯಾವ ಲೆಕ್ಕ ಹಾಕಿದರೂ ಹುಡುಗ ಹೊರಗೇ. ವಸಾಹತುಶಾಹಿ ಮತ್ತು ಜಾತಿ ವ್ಯವಸ್ಥೆ ಕೈ ಜೋಡಿಸಿದ್ದು ಹೀಗೆ, ಬಹಳ ಸಭ್ಯವಾದ ಗಣಿತದಲ್ಲಿ.

3

ಈ ಗಣಿತವನ್ನು ಮೊದಲು ಹೊರಗಿನಿಂದ ಪ್ರಶ್ನಿಸಿದವರು ಜೋತಿರಾವ್ ಫುಲೆ. 1882ರ ಅಕ್ಟೋಬರಿನಲ್ಲಿ ಹಂಟರ್ ಶಿಕ್ಷಣ ಆಯೋಗಕ್ಕೆ ಅವರು ಕೊಟ್ಟ ಹೇಳಿಕೆಯಲ್ಲಿ ಇದ್ದ ಪ್ರಶ್ನೆ ನೇರವಾದದ್ದು: ರೈತನ ಬೆವರಿನಿಂದ ಬಂದ ಕಂದಾಯ ಮೇಲ್ವರ್ಗದವರ ಉನ್ನತ ಶಿಕ್ಷಣಕ್ಕೆ ಏಕೆ ಹೋಗಬೇಕು? ಕಂದಾಯ ಕಟ್ಟುವವನ ಮಗನಿಗೆ ಪ್ರಾಥಮಿಕ ಶಿಕ್ಷಣವಾದರೂ ಕಡ್ಡಾಯವಾಗಿ ಬೇಡವೆ? ಫುಲೆ ಪುಣೆ ಪುರಸಭೆಯ ಸದಸ್ಯರೂ ಆಗಿದ್ದರು. ವೈಸರಾಯ್ ಲಿಟ್ಟನ್ ಊರಿಗೆ ಬರುವಾಗ ಸ್ವಾಗತಕ್ಕೆ ಪುರಸಭೆಯ ಹಣ ಸುರಿಯುವುದನ್ನು ಸಭೆಯಲ್ಲಿ ಅವರೊಬ್ಬರೇ ವಿರೋಧಿಸಿದರೆಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ಆ ಒಂದು ಮತ ಸೋತಿತು. ಆದರೆ ಆ ಸ್ವಾಗತದ ಖರ್ಚನ್ನು ಒಪ್ಪಿದವರ ಹೆಸರು ಇವತ್ತು ಯಾರಿಗೂ ಬೇಕಿಲ್ಲ, ಸೋತ ಮತ ಮಾತ್ರ ನಮ್ಮ ನೆನಪಿನಲ್ಲಿದೆ. ದಾಖಲಾದ ವಿರೋಧಕ್ಕೆ ಇರುವ ಆಯುಸ್ಸು ಗೆದ್ದ ಬಹುಮತಕ್ಕೆ ಇರಬೇಕೆಂದೇನಿಲ್ಲ. ಈ ಮಾತಿಗೆ ಮತ್ತೆ ಬರುತ್ತೇನೆ.

1904ರಲ್ಲಿ ಕರ್ಜನ್ ಭಾರತೀಯ ವಿಶ್ವವಿದ್ಯಾಲಯಗಳ ಕಾಯ್ದೆ ತಂದ. ಆಜೀವ ಫೆಲೋಗಿರಿ ಅನ್ನುವುದು ಬಿರುದಿನಂತಾಗಿತ್ತು. ಹೆಸರಿಗೆ ಫೆಲೋ, ಸಭೆಗೆ ಬರುವುದಿಲ್ಲ. ಹೊಸ ಕಾಯ್ದೆ ಹಳೆಯ ಮೂರು ವಿಶ್ವವಿದ್ಯಾಲಯಗಳ ಸೆನೆಟ್ಟಿನ ಸಾಮಾನ್ಯ ಫೆಲೋಗಳ ಸಂಖ್ಯೆಯನ್ನು ನೂರಕ್ಕೆ ಮಿತಿಗೊಳಿಸಿತು, ಅವಧಿಯನ್ನು 5 ವರ್ಷಕ್ಕೆ ಇಳಿಸಿತು. ಒಂದು ವರ್ಷ ಕಾಲ ಘಟಿಕೋತ್ಸವ ಬಿಟ್ಟು ಬೇರೆ ಯಾವ ಸಭೆಗೂ ಬಾರದ ಫೆಲೋನ ಸ್ಥಾನ ತೆರವಾಯಿತೆಂದು ಕುಲಾಧಿಪತಿ ಘೋಷಿಸಬಹುದು ಎಂಬ ನಿಯಮ ಬಂತು. ಈ 'ಘಟಿಕೋತ್ಸವ ಬಿಟ್ಟು' ಅನ್ನುವ ಮಾತನ್ನು ಗಮನಿಸಬೇಕು. ನಿಲುವಂಗಿ ತೊಟ್ಟು ಮೆರವಣಿಗೆ ಹೋಗುವುದು ಹಾಜರಿಯಲ್ಲ, ಮೇಜಿನ ಮುಂದೆ ಕೂತು ತೀರ್ಮಾನಕ್ಕೆ ಹೊಣೆಯಾಗುವುದು ಹಾಜರಿ. ಕರ್ಜನ್‌ನ ಉದ್ದೇಶ ಏನೇ ಇರಲಿ, ಈ ವ್ಯತ್ಯಾಸ ಸರಿಯಾದದ್ದೇ.

ಗೋಖಲೆಯವರು ಈ ಮಸೂದೆಯನ್ನು ಶಾಸನ ಪರಿಷತ್ತಿನಲ್ಲಿ ಬಲವಾಗಿ ವಿರೋಧಿಸಿದರು. ವಿಶ್ವವಿದ್ಯಾಲಯಗಳ ಮೇಲೆ ಸರ್ಕಾರದ ಹಿಡಿತ ಬಿಗಿಯಾಗುತ್ತದೆ ಎಂಬ ಅವರ ಆತಂಕ ನಿಜವಾಗಿತ್ತು. ರಾಷ್ಟ್ರೀಯವಾದಿ ಚರಿತ್ರೆ ಈ ಜಗಳವನ್ನು ಸರ್ಕಾರಕ್ಕೂ ಭಾರತೀಯರಿಗೂ ನಡೆದ ಜಗಳವೆಂದು ಬರೆದಿದೆ. ಆದರೆ ಈ 'ಭಾರತೀಯರು' ಯಾರು? ಕಾಯ್ದೆ ಪದವೀಧರರಿಗೆ ಕೆಲವು ಫೆಲೋಗಳನ್ನು ಚುನಾಯಿಸುವ ಹಕ್ಕು ಕೊಟ್ಟಿತಲ್ಲ, ಆ ಮತದಾರರ ಪಟ್ಟಿಯಲ್ಲಿ ಹೆಸರು ಬರಬೇಕಾದರೆ ಸ್ನಾತಕೋತ್ತರ ಪದವಿ ಇರಬೇಕು, ಇಲ್ಲವೆ ಪದವಿ ಪಡೆದು 10 ವರ್ಷವಾಗಿರಬೇಕು. ಜೊತೆಗೆ ನೋಂದಣಿ ಶುಲ್ಕ. ಹೆಸರು ಉಳಿಯಬೇಕಾದರೆ ವರ್ಷವರ್ಷವೂ ಶುಲ್ಕ. ಅಂಬೇಡ್ಕರ್ ಎಲ್ಫಿನ್‌ಸ್ಟನ್ ಕಾಲೇಜಿನಿಂದ ಬಿ.ಎ. ಮುಗಿಸಿದ್ದು 1912-13ರ ಹೊತ್ತಿಗೆ. ಬಿ.ಎ. ಒಂದನ್ನೇ ಹಿಡಿದು ನೋಡಿದರೆ ಅವರಂಥ ಒಬ್ಬ ಪದವೀಧರ ತನ್ನ ವಿಶ್ವವಿದ್ಯಾಲಯದ ಮತದಾರನಾಗಲು ಇನ್ನೂ ಹತ್ತು ವರ್ಷ ಕಾಯಬೇಕಿತ್ತು. ಮತದಾರನಾದರೂ ಆ ಪಟ್ಟಿಯಲ್ಲಿ ತನ್ನವರು ಅಂತ ಯಾರಿರುತ್ತಿದ್ದರು? ಶಾಲೆಯ ಬಾಗಿಲಲ್ಲಿ ನಿಲ್ಲಿಸಿದ ಸಮುದಾಯದಿಂದ ಎಷ್ಟು ಜನ ಪದವೀಧರರಾಗಿರಲು ಸಾಧ್ಯ?

ಒಂದು ವರ್ಷ ಬಾರದ ಫೆಲೋಗಾಗಿ ಕಾಯ್ದೆ ಚಿಂತಿಸಿತು. ಶತಮಾನಗಳಿಂದ ಬರಲಾಗದೆ ಹೋದವರ ಗೈರುಹಾಜರಿಯನ್ನು ಅದು ಗೈರುಹಾಜರಿ ಎಂದೇ ಎಣಿಸಲಿಲ್ಲ. ಮಸೂದೆಯ ಕಡೆಯವರೂ ಅದನ್ನು ಕೊರತೆಯೆಂದು ಕಾಣಲಿಲ್ಲ, ವಿರೋಧಿಸಿದವರೂ ಕಾಣಲಿಲ್ಲ.

ಹಳೇ ಮೈಸೂರಿನ ವಿಷಯದಲ್ಲೂ ನಾವು ಇದೇ ತಪ್ಪು ಮಾಡಿದ್ದೇವೆ. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಆರಂಭವಾಯಿತು. 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾಯಿತು. ಮಿಲ್ಲರ್ ವರದಿಯ ಬಗ್ಗೆ ನಾವು ಬರೆದದ್ದೆಲ್ಲ ನೌಕರಿಯ ಲೆಕ್ಕ. ಅದೇ ಹೊತ್ತಿನಲ್ಲಿ ವಿಶ್ವವಿದ್ಯಾಲಯದ ಸಭೆಯಲ್ಲಿ ಯಾರು ಕೂತಿದ್ದರು, ಯಾರು ಕೂರಲಿಲ್ಲ ಎಂಬ ಲೆಕ್ಕವನ್ನು ಯಾರಾದರೂ ಸಂಶೋಧಕರು ತೆಗೆಯಬೇಕು. ಅದು ಪಿಎಚ್.ಡಿ.ಗಿಂತ ದೊಡ್ಡ ಕೆಲಸ.

4

1927ನೇ ಇಸವಿಯನ್ನು ನಾವು ಮಹಾಡ್‌ನ ವರ್ಷವೆಂದು ನೆನೆಯುತ್ತೇವೆ. ಅದೇ ವರ್ಷ ಅಂಬೇಡ್ಕರ್ ಮುಂಬಯಿ ಶಾಸನ ಪರಿಷತ್ತಿಗೆ ನಾಮಕರಣಗೊಂಡ ಸದಸ್ಯರಾಗಿ ಪ್ರಮಾಣ ಸ್ವೀಕರಿಸಿದ್ದರು. ಮುಂಬಯಿ ವಿಶ್ವವಿದ್ಯಾಲಯದ ಕಾಯ್ದೆಯ ತಿದ್ದುಪಡಿ ಮಸೂದೆ ಪರಿಷತ್ತಿನ ಮುಂದಿತ್ತು. ಜುಲೈ ಕೊನೆಯಲ್ಲೂ ಅಕ್ಟೋಬರಿನಲ್ಲೂ ಅವರು ಇದರ ಮೇಲೆ ಮಾತಾಡಿದರು. ಅವರು ಎತ್ತಿದ ಪ್ರಶ್ನೆ ಸೆನೆಟ್ಟಿನಲ್ಲಿ ಹಿಂದುಳಿದ ಸಮುದಾಯಗಳ ಸ್ಥಾನದ್ದು. ವಿದ್ಯೆಯ ವಿಷಯದಲ್ಲಿ ಜಾತಿ ತರಬೇಡಿ ಎಂಬ ಮಾತು ಇವತ್ತಿನ ಹಾಗೆ ಅವತ್ತೂ ಇತ್ತು. ಅಂಬೇಡ್ಕರ್ ಹಿಡಿದ ದಾರಿ ಬೇರೆ. ಸೆನೆಟ್ ಹೇಗಿರಬೇಕು ಎಂದು ಕೇಳುವ ಮೊದಲು ವಿಶ್ವವಿದ್ಯಾಲಯ ಇರುವುದು ಯಾತಕ್ಕೆ ಎಂದು ಕೇಳಬೇಕು. ಪರೀಕ್ಷೆ ನಡೆಸಿ ಪದವಿ ಹಂಚುವುದಷ್ಟೇ ಅದರ ಕೆಲಸವಾಗಿದ್ದರೆ ಯಾರು ಕೂತರೂ ಒಂದೇ. ಬಡವರ, ಅಗತ್ಯವಿದ್ದವರ ಮನೆಬಾಗಿಲಿಗೆ ಅತ್ಯುನ್ನತ ಶಿಕ್ಷಣವನ್ನು ತಲುಪಿಸುವುದು ಅದರ ಕೆಲಸವಾಗಿದ್ದರೆ ಆ ಬಾಗಿಲಿನವರು ಸಭೆಯಲ್ಲಿರಲೇಬೇಕು. ಇದು ಅವರ ವಾದದ ತಿರುಳು.

ಇದೇ ವೇಳೆಗೆ ಇನ್ನೊಂದು ಸಭೆ ನಡೆಯಿತು. ಹಿನ್ನೆಲೆ ನಮಗೆಲ್ಲ ಗೊತ್ತಿದೆ. 1923ರಲ್ಲಿ ಎಸ್.ಕೆ. ಬೋಳೆ ಮಂಡಿಸಿದ ಠರಾವನ್ನು ಮುಂಬಯಿ ಶಾಸನ ಪರಿಷತ್ತು ಅಂಗೀಕರಿಸಿತು: ಸರ್ಕಾರಿ ಹಣದ ಕೆರೆ, ಬಾವಿ, ಶಾಲೆಗಳು ಅಸ್ಪೃಶ್ಯರಿಗೂ ತೆರೆದಿರಬೇಕು. 1924ರಲ್ಲಿ ಮಹಾಡ್ ಪುರಸಭೆಯೂ ಚವದಾರ್ ಕೆರೆಯನ್ನು ತೆರೆಯುವ ಠರಾವು ಮಾಡಿತು. ಠರಾವು ಕಾಗದದಲ್ಲಿತ್ತು, ನೀರು ಕೆರೆಯಲ್ಲಿತ್ತು. 1927ರ ಮಾರ್ಚ್ 20ರಂದು ಅಂಬೇಡ್ಕರ್ ಮತ್ತು ಸಾವಿರಾರು ಜನ ಹೋಗಿ ಆ ನೀರು ಮುಟ್ಟಿದರು. ಆಗಸ್ಟ್ 4ರಂದು ಮಹಾಡ್ ಪುರಸಭೆ ಸಭೆ ಸೇರಿ ತನ್ನ 1924ರ ಠರಾವನ್ನೇ ರದ್ದು ಮಾಡಿತು.

ಈ ತಾರೀಖುಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಜುಲೈ ಕೊನೆಯಲ್ಲಿ ಪರಿಷತ್ತಿನಲ್ಲಿ ಸೆನೆಟ್ಟಿನ ಸ್ಥಾನಕ್ಕಾಗಿ ವಾದ. ಇನ್ನೂ ಎರಡು ವಾರ ಕಳೆದಿಲ್ಲ, ಮಹಾಡ್‌ನಲ್ಲಿ ಕೊಟ್ಟ ಠರಾವು ವಾಪಸ್. ಸಭೆ ನಿಯಮದ ಪ್ರಕಾರವೇ ಸೇರಿತ್ತು, ಬಹುಮತದ ಪ್ರಕಾರವೇ ತೆರೆದಿತ್ತು, ಬಹುಮತದ ಪ್ರಕಾರವೇ ಮುಚ್ಚಿತು. ನೀರು ಕುಡಿಯಬೇಕಾದವರ ಮತ ತೆರೆಯುವಾಗಲೂ ಬೇಕಾಗಿರಲಿಲ್ಲ, ಮುಚ್ಚುವಾಗಲೂ ಬೇಕಾಗಲಿಲ್ಲ. ನಾವಿಲ್ಲದ ಸಭೆಯಲ್ಲಿ ನಮಗೆ ದಕ್ಕಿದ್ದನ್ನು ನಾವಿಲ್ಲದ ಇನ್ನೊಂದು ಸಭೆ ಕಿತ್ತುಕೊಳ್ಳಬಹುದು. ಸೆನೆಟ್ಟಿನ ಕುರ್ಚಿಗೂ ಚವದಾರ್ ಕೆರೆಗೂ ಇರುವ ಸಂಬಂಧ ಇದು. ಡಿಸೆಂಬರ್ 25ರಂದು ಮಹಾಡ್‌ನಲ್ಲಿ ಮನುಸ್ಮೃತಿ ಸುಟ್ಟಿತು. ಕೆರೆಯ ಹಕ್ಕನ್ನು ಹೈಕೋರ್ಟು ಎತ್ತಿಹಿಡಿದದ್ದು 1937ರಲ್ಲಿ. ಒಂದು ಸಭೆಯ ಒಂದು ಮಧ್ಯಾಹ್ನದ ಕೆಲಸವನ್ನು ಸರಿಪಡಿಸಲು ಹತ್ತು ವರ್ಷ ಹಿಡಿಯಿತು.

5

ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾಗಿ ಅಂಬೇಡ್ಕರ್ ಕೂತಾಗ ಈ ಹಾಜರಿ, ಮತ, ಕೋರಂಗಳ ಪ್ರಶ್ನೆ ದೇಶದ ಮಟ್ಟದಲ್ಲಿ ಎದುರಾಯಿತು. ಸಂವಿಧಾನದ 100ನೇ ವಿಧಿ ನೋಡಿ. ಸಂಸತ್ತಿನ ಸಾಮಾನ್ಯ ತೀರ್ಮಾನಗಳಿಗೆ ಹಾಜರಿದ್ದು ಮತ ನೀಡಿದವರ ಬಹುಮತ ಸಾಕು. ಕೋರಂ ಒಟ್ಟು ಸದಸ್ಯರ ಹತ್ತನೇ ಒಂದು ಭಾಗ. ಸ್ಪೀಕರ್‌ಗೆ ಮೊದಲು ಮತವಿಲ್ಲ, ಸಮಬಲವಾದರೆ ಮಾತ್ರ ನಿರ್ಣಾಯಕ ಮತ. 1857ರ ಅಧ್ಯಕ್ಷನಿಗಿದ್ದ ಎರಡು ಮತ ಇಲ್ಲಿ ಒಂದಾಗಿದೆ. 60 ದಿನ ಅನುಮತಿಯಿಲ್ಲದೆ ಗೈರಾದರೆ ಸ್ಥಾನ ತೆರವೆಂದು ಸದನ ಘೋಷಿಸಬಹುದು. ಇಷ್ಟೂ ದಿನನಿತ್ಯದ ಕೆಲಸಕ್ಕೆ. ಸಂವಿಧಾನವನ್ನೇ ತಿದ್ದಬೇಕಾದರೆ? 368ನೇ ವಿಧಿ ಬೇರೆ ಲೆಕ್ಕ ಹೇಳುತ್ತದೆ: ಹಾಜರಿದ್ದು ಮತ ನೀಡಿದವರಲ್ಲಿ ಮೂರನೇ ಎರಡು ಭಾಗ ಬೇಕು, ಅದರ ಜೊತೆಗೆ ಸದನದ ಒಟ್ಟು ಸದಸ್ಯರ ಬಹುಮತವೂ ಬೇಕು.

ಇಲ್ಲಿ ಎರಡು ಬಗೆಯ ಎಣಿಕೆ ಇದೆ. ಒಂದು, ಬಂದವರನ್ನು ಮಾತ್ರ ಎಣಿಸುವುದು. ಇನ್ನೊಂದು, ಬಾರದವರನ್ನೂ ಎಣಿಕೆಯಲ್ಲಿಟ್ಟುಕೊಳ್ಳುವುದು. ಒಟ್ಟು ಸದಸ್ಯರ ಬಹುಮತ ಬೇಕು ಅಂದಾಗ ಬಾರದವನ ಖಾಲಿ ಕುರ್ಚಿಯೂ ತೀರ್ಮಾನವನ್ನು ತಡೆಯುತ್ತದೆ. ಮೂಲಭೂತವಾದದ್ದನ್ನು ಬದಲಿಸುವಾಗ ಬಂದ ನಾಲ್ಕು ಜನರ ಮಾತು ಸಾಲದು ಎಂಬ ವಿವೇಕ ಇದರಲ್ಲಿದೆ. ಒಬ್ಬ ವಿದ್ಯಾರ್ಥಿಯ ಬದುಕು ಮೂಲಭೂತವಾದದ್ದಲ್ಲವೆ? ಅವನನ್ನು ಹೊರಹಾಕುವ ತೀರ್ಮಾನಕ್ಕೆ ಬಂದವರ ಬಹುಮತ ಹೇಗೆ ಸಾಕು?

ಈ ಪ್ರಶ್ನೆ ಬರೀ ತರ್ಕದ್ದಲ್ಲ. 2015ರ ಕೊನೆಯಲ್ಲಿ ಹೈದರಾಬಾದ್ ವಿಶ್ವವಿದ್ಯಾಲಯದ ಐವರು ದಲಿತ ಸಂಶೋಧನಾ ವಿದ್ಯಾರ್ಥಿಗಳನ್ನು ಹಾಸ್ಟೆಲ್ಲಿನಿಂದ ಹೊರಹಾಕಿದ್ದು, ಕ್ಯಾಂಪಸ್ಸಿನ ಸಾಮಾನ್ಯ ಜಾಗಗಳಿಗೆ ಗುಂಪಾಗಿ ಬರಬಾರದೆಂದು ನಿರ್ಬಂಧಿಸಿದ್ದು ಅಲ್ಲಿನ ಕಾರ್ಯಕಾರಿ ಮಂಡಳಿಯ ತೀರ್ಮಾನದ ಮೇಲೆ. ಐವರೂ ಬಯಲಲ್ಲಿ ಮಲಗಿದರು. 2016ರ ಜನವರಿ 17ರಂದು ಅವರಲ್ಲೊಬ್ಬನಾದ ರೋಹಿತ್ ವೇಮುಲ ಇಲ್ಲವಾದ. ಸಾಮಾಜಿಕ ಬಹಿಷ್ಕಾರ ಎಂದು ವಿದ್ಯಾರ್ಥಿಗಳು ಕರೆದದ್ದನ್ನು ಆಡಳಿತ ಶಿಸ್ತುಕ್ರಮ ಎಂದು ಕರೆಯಿತು. ಧಾರವಾಡದ ಬಾಗಿಲಿಗೂ ಹೈದರಾಬಾದಿನ ಬಯಲಿಗೂ ನಡುವೆ ನೂರಾ ಅರವತ್ತು ವರ್ಷ. ಎರಡೂ ಕಡೆ ಒಂದು ಕಾಗದ ಇದೆ, ಕಾಗದದ ಹಿಂದೆ ಒಂದು ಸಭೆ ಇದೆ.

ಸಭೆ ಗೆದ್ದರೂ ಸಾಲದು ಎನ್ನುವುದಕ್ಕೆ ಮರಾಠವಾಡ ಸಾಕ್ಷಿ. ಮರಾಠವಾಡ ವಿಶ್ವವಿದ್ಯಾಲಯಕ್ಕೆ ಅಂಬೇಡ್ಕರ್ ಹೆಸರಿಡಬೇಕೆಂಬ ಬೇಡಿಕೆಗೆ ಆ ವಿಶ್ವವಿದ್ಯಾಲಯದ ಕಾರ್ಯಕಾರಿ ಮಂಡಳಿ ಒಪ್ಪಿತ್ತು. 1978ರ ಜುಲೈ 27ರಂದು ಮಹಾರಾಷ್ಟ್ರದ ಎರಡೂ ಸದನಗಳು ಒಪ್ಪಿದವು. ಮರುಕ್ಷಣವೇ ಹಳ್ಳಿಗಳಲ್ಲಿ ದಲಿತರ ಮನೆಗಳಿಗೆ ಬೆಂಕಿ ಬಿತ್ತು. ಪೋಚಿರಾಮ್ ಕಾಂಬಳೆಯ ಕೊಲೆಯಾಯಿತು. ಠರಾವು 16 ವರ್ಷ ಬೀದಿಯಲ್ಲಿ ನಿಂತಿತು. ಹೆಸರು ಬದಲಾದದ್ದು 1994ರ ಜನವರಿ 14ರಂದು, ಅದೂ 'ಮರಾಠವಾಡ' ಎಂಬುದನ್ನು ಉಳಿಸಿಕೊಂಡ ರಾಜಿಯ ಹೆಸರಾಗಿ. ನಮ್ಮ ವಿರುದ್ಧದ ಠರಾವು ಅದೇ ಸಂಜೆ ಜಾರಿಗೆ ಬರುತ್ತದೆ, ನಮ್ಮ ಪರವಾದ ಠರಾವಿಗೆ ಹೆಣಗಳು ಬೇಕಾಗುತ್ತವೆ.

6

ಇನ್ನು ನಮ್ಮ ರಾಜ್ಯದ ಮಾತು. ಮೇಷ್ಟ್ರು ಸದಸ್ಯರಾಗಿದ್ದದ್ದು 1976ರ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆಯ ಕಾಲದಲ್ಲಿ. ಆಗ ಸೆನೆಟ್ಟೂ ಇತ್ತು, ಸಿಂಡಿಕೇಟೂ ಇತ್ತು. 2000ದ ಕಾಯ್ದೆ ಸೆನೆಟ್ಟನ್ನು ಕೈಬಿಟ್ಟಿತು. ಅಧಿಕಾರ ಸಿಂಡಿಕೇಟಿನಲ್ಲಿ ಒಟ್ಟುಗೂಡಿತು. ಸಿಂಡಿಕೇಟಿಗೆ ಸರ್ಕಾರ ನಾಮಕರಣ ಮಾಡುವವರಲ್ಲಿ ಪರಿಶಿಷ್ಟ ಜಾತಿ ಅಥವಾ ಪಂಗಡ, ಹಿಂದುಳಿದ ವರ್ಗ, ಮಹಿಳೆ, ಅಲ್ಪಸಂಖ್ಯಾತ ಇವರಿಗೆ ಸ್ಥಾನ ಇರಬೇಕೆಂದು ಕಾಯ್ದೆಯೇ ಹೇಳುತ್ತದೆ. 1927ರ ಬೇಡಿಕೆ ಇಲ್ಲಿ ಅಕ್ಷರಕ್ಕಿಳಿದಿದೆ. ಇದು ಸಣ್ಣ ಗೆಲುವಲ್ಲ, ಇದನ್ನು ಕಡೆಗಣಿಸಿ ಮಾತಾಡುವ ಹಕ್ಕು ನನಗಿಲ್ಲ.

ಆದರೆ ಸಭೆಗಳ ಒಳಗೆ ಏನಾಗುತ್ತದೆ? ಕಾಲೇಜಿನಲ್ಲಿ ನಾನು ಕಿರಿಯ, ಆದ್ದರಿಂದ ಸಭೆಯ ನಡವಳಿ ಬರೆಯುವ ಕೆಲಸ ನನ್ನ ತಲೆಗೆ ಬಂದಿದೆ. ಮೊದಲ ಸಲ ಹಿರಿಯರೊಬ್ಬರು ಹೇಳಿಕೊಟ್ಟರು: 'ನೋಡಿ, ಮೊದಲೇ ಬರ್ಕೊಂಡು ಬಂದ್ಬಿಡಿ. ಸಭೆಯು ಚರ್ಚಿಸಿ ಸರ್ವಾನುಮತದಿಂದ ಅನುಮೋದಿಸಿತು ಅಂತ. ಸಹಿ ಹಾಕಿಸ್ಕೊಂಡ್ರೆ ಆಯ್ತು.' ನಾನು ಹಾಗೆಯೇ ಬರೆದೆ. ಆ ದಿನ ಒಬ್ಬರು ವಿರೋಧಿಸಿದ್ದರು. ಅವರ ಮಾತು ನನ್ನ ಕೈಯಲ್ಲೇ ಅಳಿಸಿಹೋಯಿತು. ಹಾಜರಿ ಪುಸ್ತಕದ ಸಹಿಯೇ ಒಪ್ಪಿಗೆಯ ಸಹಿಯೂ ಆಗಿಬಿಟ್ಟಿತು. ಮೇಷ್ಟ್ರ ಮಾತಿನ ಅರ್ಥ ನನಗೆ ಪೂರ್ತಿ ತಿಳಿದದ್ದು ಆಗ. ಕೋರಂಗೆ ಬೇಕಾದದ್ದು ದೇಹ. ಒಂದು ಕಾಲಕ್ಕೆ ಮುಟ್ಟಬಾರದ್ದಾಗಿದ್ದ ದೇಹ ಈಗ ಎಣಿಸಲು ಬೇಕಾಗಿದೆ. ಎಣಿಸಿದ ಮೇಲೆ ಅದರ ಬಾಯಿ ಬೇಡ.

'ಯಾಕ್ ಸಾರ್, ನೀವು ಎದ್ದು ಹೊರಗೆ ಬಂದಿದ್ರೆ ಕೋರಂ ಬಿದ್ದುಹೋಗ್ತಿತ್ತಲ್ಲ?' ಅಂತ ಮೇಷ್ಟ್ರನ್ನು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. 'ಒಂದ್ಸಲ ಬಂದೆ ಕಣಪ್ಪಾ. ಸಭೆ ಮುಂದಕ್ಕೆ ಹಾಕಿದ್ರು. ಮುಂದಿನ ಸಭೆ ನೋಟೀಸು ನಂಗೆ ಸಭೆ ಮುಗಿದ ಮೂರು ದಿನಕ್ಕೆ ತಲುಪ್ತು.' ಆಮೇಲೆ ತಾವಾಗಿಯೇ ಅಂದರು: 'ನಂದೂ ತಪ್ಪಿದೆ. ನಾಮಕರಣ ಮಾಡ್ದೋರು ಮುನಿಸ್ಕೊಂಡ್ರೆ ಇನ್ನೊಂದವಧಿ ಸಿಕ್ಕಲ್ಲ ಅಂತ ಎಷ್ಟೋ ಸಲ ಬಾಯಿ ಮುಚ್ಕೊಂಡೆ.'

ಈ ಪ್ರಾಮಾಣಿಕತೆ ನಮ್ಮ ಚರ್ಚೆಗೆ ಬೇಕು. ನಾಮಕರಣದಲ್ಲಿ ಒಂದು ಪೇಚಿದೆ. ಚುನಾವಣೆ ಆದರೆ ನಮ್ಮವರು ಗೆಲ್ಲುವುದಿಲ್ಲ, ನಾಮಕರಣ ಆದರೆ ನಮ್ಮವರು ಮಾತಾಡುವುದಿಲ್ಲ. ಅಂಬೇಡ್ಕರ್ ನಾಮಕರಣಗೊಂಡ ಸದಸ್ಯರಾಗಿದ್ದೂ ಮಾತಾಡಿದರು ನಿಜ. ಆದರೆ ಒಬ್ಬ ಅಂಬೇಡ್ಕರ್ ಅವರ ಧೈರ್ಯದ ಮೇಲೆ ಒಂದು ವ್ಯವಸ್ಥೆ ನಿಲ್ಲಬಾರದು. ಸಾಮಾನ್ಯ ಧೈರ್ಯದ ಮನುಷ್ಯನೂ ಮಾತಾಡುವಂತೆ ನಿಯಮ ಇರಬೇಕು. ಹಾಗೆ ನೋಡಿದರೆ ನಮ್ಮದೇ ಸಂಘಟನೆಗಳ ಸಭೆಗಳಲ್ಲಿ ಎಷ್ಟು ಹೆಣ್ಣುಮಕ್ಕಳ ಮಾತು ನಡವಳಿಗೆ ಬಂದಿದೆ? ಚಾಪೆ ಹಾಸಿ, ಟೀ ಕಾಯಿಸಿ ಕೊಟ್ಟ ತಂಗಿಯರನ್ನು ನಾವೂ ಕೋರಂ ತುಂಬಿಸಲು ಬಳಸಿಕೊಂಡಿಲ್ಲವೆ? ಈ ಪ್ರಶ್ನೆಯನ್ನು ಬದಿಗಿಟ್ಟು ಸಿಂಡಿಕೇಟಿನ ಕಡೆ ಬೆರಳು ತೋರಿಸಿದರೆ ಬೆರಳಿಗೆ ಬಲ ಬರುವುದಿಲ್ಲ.

ಇಷ್ಟರಿಂದ ನಾನು ಹೇಳಬಯಸುವುದು ಸರಳವಾದದ್ದು. ಸ್ಥಾನ ಕೇಳುವುದು ಹೋರಾಟದ ಮೊದಲ ಮೆಟ್ಟಿಲಾಗಿತ್ತು, ಅದನ್ನು ಹತ್ತಿದ್ದೇವೆ. ಈಗ ಸಭೆಯ ನಿಯಮವನ್ನೇ ಕೇಳಬೇಕು. ನೋಟೀಸು ಮತ್ತು ಕಾರ್ಯಸೂಚಿ ಓದಿ ಅರ್ಥಮಾಡಿಕೊಳ್ಳುವಷ್ಟು ಮುಂಚೆ, ಕನ್ನಡದಲ್ಲಿ, ಪ್ರತಿ ಸದಸ್ಯನ ಕೈಗೆ ತಲುಪಬೇಕು. ವಿರೋಧಿಸಿದವರ ಹೆಸರು ಮತ್ತು ಕಾರಣ ನಡವಳಿಯಲ್ಲಿ ಅವರ ಮಾತಿನಲ್ಲೇ ದಾಖಲಾಗಬೇಕು. ವಿದ್ಯಾರ್ಥಿಯನ್ನು ಹೊರಹಾಕುವಂಥ ತೀರ್ಮಾನಕ್ಕೆ ಹಾಜರಿದ್ದವರ ಬಹುಮತ ಸಾಲದು, ಒಟ್ಟು ಸದಸ್ಯರ ಬಹುಮತ ಬೇಕು, ಆ ವಿದ್ಯಾರ್ಥಿಯ ಮಾತನ್ನು ಸಭೆ ಕೇಳಿರಬೇಕು. ನಾಮಕರಣಗೊಂಡ ಸದಸ್ಯನನ್ನು ಅವಧಿಯ ನಡುವೆ ಬಾಯಿ ಮುಚ್ಚಿಸಲು ತೆಗೆಯುವಂತಿರಬಾರದು. ನಡವಳಿ ಯಾರು ಕೇಳಿದರೂ ಸಿಗಬೇಕು. 2005ರ ಮಾಹಿತಿ ಹಕ್ಕು ಕಾಯ್ದೆ ಈ ಬಾಗಿಲನ್ನು ಸ್ವಲ್ಪ ತೆರೆದಿದೆ. ವಿದ್ಯಾರ್ಥಿ ಸಂಘಟನೆಯ ಗೆಳೆಯರು ಅರ್ಜಿ ಹಾಕಿ ತಮ್ಮ ವಿಶ್ವವಿದ್ಯಾಲಯದ ಹತ್ತು ವರ್ಷದ ನಡವಳಿ ತರಿಸಿ ಓದಲಿ. 'ಸರ್ವಾನುಮತದಿಂದ' ಎಂಬ ಪದ ಎಷ್ಟು ಸಲ ಬಂದಿದೆ ಎಂದು ಎಣಿಸಲಿ. ಅದೂ ವಿಮರ್ಶೆಯೇ. ಕಾವ್ಯದಲ್ಲಿ ಮೌನವನ್ನು ಓದಬಲ್ಲವರು ನಡವಳಿಯಲ್ಲಿ ಮೌನವನ್ನು ಓದಲಾರರೆ?

ಮೇಷ್ಟ್ರ ಕಟ್ಟಿನಲ್ಲಿದ್ದ ಒಂದು ನಡವಳಿಯ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಬರೆದ ಒಂದು ಸಾಲಿತ್ತು: 'ನಾನು ಒಪ್ಪಲಿಲ್ಲ.' ಕೆಳಗೆ ಅವರದೇ ಸಹಿ, ತಾರೀಖು. ಅಚ್ಚಿನಲ್ಲಿ ಜಾಗ ಸಿಗದ್ದನ್ನು ಅವರು ಮನೆಗೆ ಬಂದು ಅಂಚಿನಲ್ಲಿ ಬರೆದುಕೊಂಡಿದ್ದರು. ಯಾರು ಓದಲಿ ಅಂತ ಬರೆದಿರಿ ಎಂದು ನಾನು ಕೇಳಲಿಲ್ಲ. ಮುಂದಿನ ಸಭೆಯ ನಡವಳಿಗೆ ನಾನು ಏನನ್ನೂ ಮೊದಲೇ ಬರೆದುಕೊಂಡು ಹೋಗಲಿಲ್ಲ. ಯಾರು ಏನೆಂದರು ಅಂತ ಕೂತು ಬರೆದೆ. ಸಹಿ ಹಾಕುವ ಮೊದಲು ಹಿರಿಯರು ಎರಡು ಸಲ ಓದಿದರು, ನನ್ನ ಮುಖ ನೋಡಿದರು, ಆಮೇಲೆ ಹಾಕಿದರು.